ಕೋಳಿ ಶೆಡ್ಡಿನ ನೆಲ

ಪಲ್ಲಡಂ ರಸ್ತೆಗೆ ತಾಗಿದ ನನ್ನ ಜಾಗದಲ್ಲಿ ತಮ್ಮ ನಂಜಪ್ಪನ್ ಕೋಳಿ ಶೆಡ್ಡು ಹಾಕಿಕೊಂಡಾಗ ನಾನು ಬಾಡಿಗೆ ಕೇಳಲಿಲ್ಲ. ಕೇಳಿದ್ದು ಶೆಡ್ಡಿನ ಗೊಬ್ಬರ ಮಾತ್ರ. ಅಮ್ಮ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಪತ್ರ ಬರೆಸಿಕೊಳ್ಳುವ ಯೋಚನೆಯೇ ಬರಲಿಲ್ಲ.

ನಾನು ಅಂಗಡಿಯ ಮೂಟೆ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಬಿಟ್ಟು ಆರು ವರ್ಷವಾಗಿತ್ತು. ಸಗಣಿ ಎಷ್ಟು ಹಾಕಿದರೂ ಜೋಳದ ಪೈರು ಗೇಣುದ್ದ ಇರುವಾಗಲೇ ಗರಿ ನೇರಳೆಯಾಗುತ್ತಿತ್ತು, ಬೇರು ಇಳಿಯುತ್ತಿರಲಿಲ್ಲ. ಮಣ್ಣಿನಲ್ಲಿ ರಂಜಕ ಸಾಲದು. ನಮ್ಮ ಕಡೆ ಅದನ್ನು ಮಣಿಚ್ಚತ್ತು ಅನ್ನುತ್ತಾರೆ. ಕೋಳಿ ಗೊಬ್ಬರದಲ್ಲಿ ಅದು ಧಾರಾಳ. ಎರಡು ವರ್ಷ ಹಾಕಿದೆ. ಗರಿ ಹಸಿರಾಗಿ ನಿಂತಿತು, ತೆನೆ ತುಂಬಿತು.

ಮೂರನೆಯ ವರ್ಷ, 1987ರಲ್ಲಿ, ಆಡಿ ತಿಂಗಳ, ಅಂದರೆ ಆಷಾಢದ, ಬಿತ್ತನೆ ಮಳೆ ಬಿದ್ದ ಮರುದಿನ ಗಾಡಿ ಕಟ್ಟಿಕೊಂಡು ಹೋದೆ. ಕೋಳಿ ಮಾರಿ ಶೆಡ್ಡು ಖಾಲಿಯಾಗಿತ್ತು. ಗೊಬ್ಬರವೂ ಇರಲಿಲ್ಲ. ಹೊರಗೆ ಲಾರಿ ಚಕ್ರದ ಗುರುತು.

"ಊಟಿ ಆಲೂಗಡ್ಡೆ ತೋಟದೋರು ಲಾರಿ ತಂದ್ಬುಟ್ರು ಅಕ್ಕಾ. ಬರೋ ತಿಂಗ್ಳು ನೋಡಣ," ಅಂದ ನಂಜಪ್ಪನ್.

"ಬಿತ್ತೋದು ಈ ವಾರ ಕಣಪ್ಪಾ."

"ನಿಂಗೆ ಹಸು ಐತಲ್ಲ."

"ನಿನ್ ಕೋಳಿ ಯಾರ್ ಜಾಗದಲ್ಲೈತೆ?"

ಅವನು ಬೀಡಿ ಹುಡುಕಿದ. ಕಾಫಿ ತರುತ್ತೇನೆಂದು ಒಳಗೆ ಹೋದ ಅವನ ಹೆಂಡತಿ ಶಿವಗಾಮಿ ಹೊರಗೆ ಬರಲೇ ಇಲ್ಲ. ಗೊಬ್ಬರ ಮಾರುವುದನ್ನು ಗಂಡಹೆಂಡಿರು ಮೊದಲೇ ಮಾತಾಡಿಕೊಂಡಿದ್ದರೆಂದು ಆಗ ತಿಳಿಯಿತು. ಲಾರಿ ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಕಾಲಿನಿಂದ ನೆಲ ಕೆದಕಿದೆ. ಮಣ್ಣಿನ ನೆಲ, ಮೂರು ವರ್ಷದ ಹಿಕ್ಕೆ ಇಳಿದು ಗೇಣಾಳದವರೆಗೆ ಕಪ್ಪಾಗಿತ್ತು.

ಮರುದಿನ ಬೆಳಿಗ್ಗೆ ನನ್ನ ಕೂಲಿಯಾಳುಗಳಾದ ಅಂಗಮ್ಮ, ಮಾರಿಮುತ್ತು ಇಬ್ಬರನ್ನೂ ಕರೆದುಕೊಂಡು ಗುದ್ದಲಿ ಹಿಡಿದು ಬಂದು ಶೆಡ್ಡಿನ ಕಪ್ಪು ನೆಲ ಅಗೆಯತೊಡಗಿದೆ.

"ಅಕ್ಕಾ, ಶೆಡ್ ನಂದು," ಅಂತ ನಂಜಪ್ಪನ್ ಓಡಿ ಬಂದ.

"ಶೆಡ್ ನಿಂದೇ. ನೆಲ ನಂದು."

"ಕಂಬ ಬಿದ್ದೋಯ್ತದೆ."

"ಕಂಬದ್ ಸುತ್ತ ಮೊಳ ಬಿಟ್ಟಿದೀನಿ, ನೋಡು."

ಅಂಗಮ್ಮ ಪುಟ್ಟಿ ತುಂಬುತ್ತ, "ಕೋಳಿಗೆ ನಿಯತ್ತೈತೆ ಅಮ್ಮಣಿ. ನಿಮ್ ಪಾಲು ಕೆಳಗಿಟ್ಟೋಗವೆ," ಅಂದಳು. ಮಾರಿಮುತ್ತು ನಕ್ಕ. ನನಗೆ ನಗು ಬರಲಿಲ್ಲ.

ಮೂರು ದಿನ ಅಗೆದೆವು. ಹನ್ನೊಂದು ಗಾಡಿ ಬಂತು, ಬೇಕಾದ್ದರಲ್ಲಿ ಅರ್ಧವೂ ಅಲ್ಲ. ಮೇಲಿನ ಹೊಲಕ್ಕೆ ಹರಡಿದೆ. ಕೆಳಗಿನ ಹೊಲವನ್ನು ಆ ವರ್ಷ ಬಿತ್ತದೆ ಬಿಟ್ಟೆ.

ಕೊನೆಯ ಗಾಡಿ ಹೊರಡುವಾಗ ನಂಜಪ್ಪನ್ ನೊಗದ ಪಕ್ಕ ಬಂದು ನಿಂತ.

"ಈ ಗುಂಡಿ ತುಂಬಕ್ಕೆ ನಿನ್ ಹೊಲದ್ ಮಣ್ ತಗೊಳ್ಳಾ ಅಕ್ಕಾ?"

"ಇದನ್ನಾದ್ರೂ ಕೇಳ್ದೆಯಲ್ಲ," ಅಂದೆ. ತಗೋ ಅನ್ನಲಿಲ್ಲ.