ಬಂಗಾರದಡಿಯ ಕಿಲುಬು

ಹೆಂಡತಿ ತನಗೆ ವಿಷ ಹಾಕುತ್ತಿದ್ದಾಳೆ ಎಂದು ನನ್ನ ಮಗ ಮೊದಲ ಸಲ ಹೇಳಿದಾಗ ನಾನು ಅದೇ ಪಾತ್ರೆಯ ಬೇಳೆಸಾರನ್ನು ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದೆ.

ಅವನಿಗೆ ನೀರು, ಟೀ, ಬ್ರೆಡ್ಡು, ಎಲ್ಲವೂ ತಾಮ್ರ ನೆಕ್ಕಿದ ಹಾಗಿರುತ್ತಿತ್ತಂತೆ. ಚಮಚ ಬಾಯಿಗಿಟ್ಟರೆ ದವಡೆಯಲ್ಲಿ ಛಳಕ್ಕೆಂದು ಮಿಂಚು ಹೊಡೆಯುತ್ತಿತ್ತಂತೆ. ಹೋಟೆಲಿನಲ್ಲಿ ತಿಂದರೂ ಹಾಗೇ ಇರುತ್ತದೇನಪ್ಪಾ ಎಂದು ಕೇಳಿದೆ. ಬೆಳಿಗ್ಗೆ ಇವಳು ಹಾಕಿದ್ದು ಸಂಜೆತನಕ ನಾಲಿಗೆ ಬಿಡುವುದಿಲ್ಲ ಎಂದ.

ಮಗನದು ಬ್ಯಾಟರಿ ರಿಪೇರಿ ಅಂಗಡಿ. ಲಾರಿ ಬಸ್ಸುಗಳ ಬ್ಯಾಟರಿ ಇಳಿಸಿ, ಟರ್ಮಿನಲ್ ಮೇಲೆ ಬೂಸಲಿನಂತೆ ಕಟ್ಟಿದ ಹಸಿರು ಕಿಲುಬನ್ನು ಬಿಸಿನೀರು ಹಾಕಿ ಉಜ್ಜಿ, ಆ್ಯಸಿಡ್ ತುಂಬಿ ಕೊಡುವ ಕೆಲಸ. ಅಂಗಡಿ ಕೈಹತ್ತಿದ ವರ್ಷ ಒಂದು ಹಲ್ಲಿಗೆ ಬಂಗಾರದ ಕ್ಯಾಪು ಹಾಕಿಸಿಕೊಂಡಿದ್ದ. ಆ ಹಲ್ಲು ಹುಳುಕಾಗಿತ್ತೆಂದು ಚಿಕ್ಕಂದಿನಲ್ಲೇ ಪಾದರಸ ಬೆರೆಸಿದ ಬೆಳ್ಳಿ ಬಣ್ಣದ ಸಿಮೆಂಟು ತುಂಬಿಸಿದ್ದೆವು. ಅದನ್ನು ತೆಗೆಯದೆ ಅದರ ಮೇಲೆಯೇ ಕ್ಯಾಪು ಕೂರಿಸಿದ್ದರು. ಇವನು ನಕ್ಕರೆ ಸಾಕು, ಕರೆಂಟು ಹೋದರೂ ಚಿಂತೆಯಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಈ ರುಚಿ ಶುರುವಾದ ಮೇಲೆ ಅವನು ನಗುವುದನ್ನೇ ಬಿಟ್ಟಿದ್ದ.

ಮೊದಲು ತಟ್ಟೆ ಗೋಡೆಗೆ ಹಾರಿತು. ಆಮೇಲೆ ಅವಳ ತಲೆ ಗೋಡೆಗೆ ಬಡಿಯಿತು. ಪ್ರತಿ ತುತ್ತನ್ನೂ ಅವಳೇ ಮೊದಲು ತಿಂದು ತೋರಿಸಬೇಕು; ತಿಂದರೆ, ವಿಷ ಇಳಿಸೋ ಮದ್ದು ಮೊದಲೇ ನುಂಗಿಕೊಂಡು ಕೂತಿದ್ದೀಯ ಎಂದು ಒದೆ. ನಡುವೆ ಹೋದ ನನ್ನ ಮಣಿಕಟ್ಟು ತಿರುಚಿ, ನೀವಿಬ್ಬರೂ ಒಂದಾಗಿದ್ದೀರಿ ಎಂದ. ಹಲ್ಲಿನ ಡಾಕ್ಟರಿಗೆ ತೋರಿಸೋಣ ಎಂದು ಸೊಸೆ ಅಂದದ್ದಕ್ಕೆ ಅವಳ ತುಟಿ ಸೀಳಿತು.

"ಬಂಗಾರ ಕಣೇ ಅದು. ಬಂಗಾರ ಕೆಡುತ್ತಾ?"

ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದ. ಕೈಯಲ್ಲಿ ಆ್ಯಸಿಡ್ ಬಾಟಲಿ ಇತ್ತು. ಒಲೆಯ ಮುಂದಿದ್ದವಳನ್ನು ಜಡೆ ಹಿಡಿದು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಕೆನ್ನೆ ಅದುಮಿ ಬಾಯಿ ತೆರೆಸಿದ. ಕೂಗಾಡಲಿಲ್ಲ.

"ನಾನು ದಿನಾ ನೋಡೋ ರುಚಿ ನೀನೂ ಒಂದ್ಸಲ ನೋಡು," ಎಂದು ಹಲ್ಲಿನಲ್ಲೇ ಮುಚ್ಚಳ ಕಚ್ಚಿ ತಿರುಗಿಸಿದ.

ಮೆಣಸು ಕುಟ್ಟುವ ಕಬ್ಬಿಣದ ಗುಂಡು ನನ್ನ ಕೈಗೆ ಸಿಕ್ಕಿತು. ನಾನೇ ಹೆತ್ತ ಮುಖವೆಂದು ನೋಡಲಿಲ್ಲ. ದವಡೆಗೆ ಬೀಸಿದೆ. ಲಟಕ್ಕೆಂದಿತು. ಅವನು ಹಿಡಿತ ಬಿಡಲಿಲ್ಲ. ಇನ್ನೊಮ್ಮೆ ಬೀಸಿದೆ. ಪಕ್ಕಕ್ಕೆ ಉರುಳಿದ. ಬಾಟಲಿ ಒಡೆದು ಆ್ಯಸಿಡ್ ನೆಲದ ಮೇಲೆ ಬುಸುಗುಟ್ಟಿತು. ಅವಳ ಮೊಣಕೈಯೂ ಅವನ ತೊಡೆಯೂ ಬೆಂದವು. ಬಕೆಟ್ಟಿನ ನೀರನ್ನು ಮೊದಲು ಅವಳ ಮೇಲೆ ಸುರಿದೆ, ಆಮೇಲೆ ಅವನ ಮೇಲೆ. ಅವನು ಉಗುಳಿದ ರಕ್ತದಲ್ಲಿ ಬಂಗಾರದ ಕ್ಯಾಪಿತ್ತು. ಅದರೊಳಗೆ ಕರೀ ಹಿಟ್ಟಿನಂಥದ್ದೇನೋ ಮೆತ್ತಿಕೊಂಡಿತ್ತು.

ಆಸ್ಪತ್ರೆಯಲ್ಲಿ ಅವನ ದವಡೆಗೆ ತಂತಿ ಕಟ್ಟಿದ ಡಾಕ್ಟರಮ್ಮ, ನಾನು ಒಯ್ದಿದ್ದ ಕ್ಯಾಪಿನೊಳಗಿನ ಆ ಹಿಟ್ಟನ್ನು ನೋಡಿಯೇ ವಿಷಯ ಹೇಳಿದರು. ಕ್ಯಾಪಿನ ಅಂಚು ಬಿಟ್ಟುಕೊಂಡು ಎಂಜಲು ಒಳಗಿಳಿದಿತ್ತು. ಎರಡು ಲೋಹಗಳ ನಡುವೆ ಎಂಜಲು ನಿಂತರೆ ಸಣ್ಣಗೆ ಕರೆಂಟು ಹರಿಯುತ್ತದೆ. ಬಂಗಾರಕ್ಕೆ ಏನೂ ಆಗುವುದಿಲ್ಲ, ಅಡಿಯ ಪಾದರಸದ ಸಿಮೆಂಟು ಕಿಲುಬಿ ಕರಗುತ್ತದೆ. ಬಾಯಿಗೆ ಬರುತ್ತಿದ್ದದ್ದು ಅದರ ರುಚಿ.

"ನಿಮ್ಮ ಕಸುಬೇ ಅಲ್ವಾ ಇದು? ಬಾಯಲ್ಲೇ ಒಂದು ಬ್ಯಾಟರಿ ಇಟ್ಕೊಂಡಿದ್ರಿ," ಎಂದರು.

ಮಗ ಅತ್ತ. ಕಟ್ಟಿದ ಹಲ್ಲುಗಳ ಸಂದಿಯಿಂದಲೇ, ತಪ್ಪು ನಿನ್ನದಲ್ಲ, ನನ್ನದೂ ಅಲ್ಲ, ಹಾಳು ಹಲ್ಲಿನದು, ಮನೆಗೆ ಹೋಗೋಣ ಎಂದು ಅವಳತ್ತ ಕೈ ಚಾಚಿದ. ಸುದ್ದಿ ತಿಳಿದು ಬಂದಿದ್ದ ಅವಳ ಅಣ್ಣನೂ ಹೌದೆಂದು ತಲೆಯಾಡಿಸಿದ. ಕಾರಣ ಸಿಕ್ಕಿತಲ್ಲ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು.

ಸೊಸೆ ಬ್ಯಾಂಡೇಜಿನ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅಂಗಡಿಯಿಂದ ಬಾಟ್ಲಿ ಹೊತ್ಕೊಂಡು ಬಂದಿದ್ದು ಹಲ್ಲೇನ್ರೀ?"

ಮಗ ನನ್ನ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು."

ಹೇಳುವುದಿತ್ತು. ವಾರ್ಡಿನ ಬಾಗಿಲಲ್ಲಿ ಪೊಲೀಸಿನವನೊಬ್ಬ, ಇದನ್ನೆಲ್ಲ ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ ಎಂದು ಕೇಳುತ್ತ ನಿಂತಿದ್ದ. ನಾನು ಎದ್ದು ಆ ಪೊಲೀಸಿನವನ ಹತ್ತಿರ ಹೋದೆ.