ಸೊಸೆಯ ಜೊತೆ ಮುಳ್ಳಯ್ಯನಗಿರಿಗೆ

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾಶಮ್ಮನ ಊಟದ ಮನೆ ಇತ್ತು. ಹೊರಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಸ್ಸಿನವರು, ಅಡಿಕೆ ಮಂಡಿಯ ಗುಮಾಸ್ತರು, ಕೋರ್ಟಿಗೆ ಬಂದ ಹಳ್ಳಿಯವರು ಮಧ್ಯಾಹ್ನವಾದರೆ ತಾವಾಗಿಯೇ ಬಂದು ಸಾಲಾಗಿ ಮಣೆಯ ಮೇಲೆ ಕೂರುತ್ತಿದ್ದರು. ಒಲೆಯ ಮುಂದೆ ಕಾಶಮ್ಮ, ಬಡಿಸುವುದಕ್ಕೆ ಸೊಸೆ ಪ್ರೇಮಮ್ಮ. ಇಬ್ಬರಿಗೂ ಗಂಡ ಇರಲಿಲ್ಲ. ಅತ್ತೆಗೆ ಅರವತ್ತರ ಹತ್ತಿರ, ಸೊಸೆಗೆ ಇನ್ನೂ ಮೂವತ್ತಾಗಿರಲಿಲ್ಲ.

ಕಾಶಮ್ಮನ ಒಬ್ಬನೇ ಮಗ ಕಲ್ಲೇಶಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ. ವರ್ಷವೂ ಮಳೆ ನಿಂತ ಮೇಲೆ ಸ್ಕೌಟ್ ಹುಡುಗರನ್ನು ಕಟ್ಟಿಕೊಂಡು ಹೊರಡುತ್ತಿದ್ದ. ಲಿಂಗದಹಳ್ಳಿಯಿಂದ ನಡಿಗೆ. ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ, ಅಲ್ಲಿಂದ ಬೆಟ್ಟದ ನೆತ್ತಿಯ ಮೇಲೆಯೇ ಬಾಬಾಬುಡನ್‌ಗಿರಿ, ಕೊನೆಗೆ ಮುಳ್ಳಯ್ಯನಗಿರಿ. ಹಾದಿ ತೋರಿಸುವುದಕ್ಕೆ ಲಿಂಗದಹಳ್ಳಿಯ ಅಂಜಿನಪ್ಪ ಜೊತೆಗಿರುತ್ತಿದ್ದ. ತಿರುಗಿ ಬಂದ ದಿನ ಕಲ್ಲೇಶಪ್ಪ ಹಿತ್ತಲಲ್ಲಿ ಕೂತು ಕಾಲಿಗೆ ಬಿಸಿನೀರು ಹುಯ್ಯಿಸಿಕೊಳ್ಳುತ್ತಾ, ಒಂದು ಸಲ ನಿನ್ನನ್ನೂ ನಡೆಸಿಕೊಂಡೇ ಹೋಗ್ತೀನಿ ಕಣವ್ವ ಎನ್ನುತ್ತಿದ್ದ. ಒಲೆ ಯಾರು ನೋಡ್ಕಂತಾರೆ ಎಂದು ಕಾಶಮ್ಮ ನಗುತ್ತಿದ್ದಳು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅವನಿಗೆ ಕಾಮಾಲೆ ಬಂತು. ಹಳ್ಳಿಯ ಸೊಪ್ಪಿನ ಔಷಧಿಯೂ ಆಯಿತು, ಶಿವಮೊಗ್ಗದ ಆಸ್ಪತ್ರೆಯೂ ಆಯಿತು. ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಪ್ರೇಮಮ್ಮನ ಅಪ್ಪ ಬಸವರಾಜಪ್ಪ ಮಗಳನ್ನು ಕರೆದುಕೊಂಡು ಹೋಗಲು ಶಿವನಿಯಿಂದ ಬಂದರು. ಅವಳು ಟ್ರಂಕನ್ನು ತೆಗೆಯಲೂ ಇಲ್ಲ. "ಅತ್ತೆ ಒಬ್ರೇ ಅಷ್ಟು ಮುದ್ದೆ ತಿರುವಕ್ಕೆ ಆಗಲ್ಲಪ್ಪ. ನಾನೆಲ್ಲಿಗ್ ಹೋಗ್ಲಿ" ಎಂದಳು. ಅಡುಗೆಮನೆಯಲ್ಲಿ ನಿಂತಿದ್ದ ಕಾಶಮ್ಮನಿಗೆ ಆ ಮಾತು ಕೇಳಿಸಿತ್ತು. ಮಗ ಹೋದ ಮೇಲೆ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಆ ಒಂದು ಮಾತು.

ಎಪ್ಪತ್ತೆಂಟನೇ ಇಸವಿಯ ಕಾರ್ತೀಕದಲ್ಲಿ ಪ್ರೇಮಮ್ಮ ಪಾತ್ರೆ ತೊಳೆಯುತ್ತಾ ತಾನಾಗಿಯೇ ಬೆಟ್ಟದ ಮಾತು ತೆಗೆದಳು. "ಅತ್ತೆ, ಅವರು ನಿಮಗೆ ಕೊಟ್ಟ ಮಾತು ಹಂಗೇ ಉಳ್ಕಂಡಿದೆ. ಈ ಸಲ ಹೋಗಿ ಬಂದ್ಬಿಡಾಣ." ಆಗಲೇ ಲಿಂಗದಹಳ್ಳಿಗೆ ಹೋಗಿ ಅಂಜಿನಪ್ಪನನ್ನು ಒಪ್ಪಿಸಿ ಬಂದಿದ್ದಳಂತೆ. ಕಾಶಮ್ಮನಿಗೆ ಆಶ್ಚರ್ಯವಾಯಿತು, ಅದಕ್ಕಿಂತ ಹೆಚ್ಚು ಹಿಗ್ಗಾಯಿತು. ಗಿರಾಕಿಗಳಿಗೆಲ್ಲ ತಾನೇ ಹೇಳಿಕೊಂಡು, ಒಲೆ ಆರಿಸಿ, ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ಹೊರಟಳು.

ಲಿಂಗದಹಳ್ಳಿಯಲ್ಲಿ ಬಸ್ಸಿಳಿದಾಗ ಅಂಜಿನಪ್ಪ ಹೆಂಡತಿ ಹಾಲಮ್ಮನ ಜೊತೆ ಕಾಯುತ್ತಿದ್ದ. ಹೆಂಗಸರ ಪಯಣ ಎಂದು ಅವಳನ್ನೂ ಕರೆತಂದಿದ್ದ. ಅವನು ಕಾಶಮ್ಮನ ಕೈಗೆ ಒಂದು ಬಿದಿರು ಕೋಲು ಕೊಟ್ಟು, ಅವಸರ ಮಾಡಬೇಡಿ, ತುದಿ ಎಲ್ಲಿದೆ ಅಂತ ನೋಡಬೇಡಿ, ಮುಂದಿನ ಹೆಜ್ಜೆ ಒಂದನ್ನೇ ನೋಡಿ ಎಂದ. ಕಾಲಿಗೆ ಜಿಗಣೆ ಹತ್ತದಂತೆ ಹೊಗೆಸೊಪ್ಪಿನ ನೀರು ಹಚ್ಚಿಸಿದ. ಹೊತ್ತು ಇಳಿಯುವಷ್ಟರಲ್ಲಿ ಕಲ್ಲತ್ತಿಗಿರಿ ಸೇರಿದರು. ವೀರಭದ್ರನ ಗುಡಿಯ ಪಕ್ಕದಲ್ಲಿ ನೀರು ಬಂಡೆಯಿಂದ ಬಂಡೆಗೆ ಬೀಳುತ್ತಿತ್ತು. ಪ್ರೇಮಮ್ಮ ಒಲೆ ಹೂಡುತ್ತಿದ್ದಾಗ ಕಾಶಮ್ಮನೂ ಹಾಲಮ್ಮನೂ ನೀರಿಗೆ ಕಾಲು ಬಿಟ್ಟುಕೊಂಡು ಕೂತರು.

ಹಾಲಮ್ಮ ಬಾಯ್ತುಂಬ ಮಾತಾಡುವವಳು. ಸೊಸೆ ಅಂದ್ರೆ ಇಂಥೋಳಿರಬೇಕು ಕಣ್ರವ್ವ ಎಂದು ಶುರುಮಾಡಿ, "ಮದ್ವೆ ಆಗಿ ಕಡೂರಿಗೆ ಹೋದ್ಮೇಲೆ ಎಲ್ಲಿ ಆಗುತ್ತೆ, ಅತ್ತೇನ ಈಗ್ಲೇ ಬೆಟ್ಟ ಹತ್ತಿಸ್ಬೇಕು ಅಂತ ನಮ್ಮನೆ ಬಾಗ್ಲಿಗೆ ಬಂದಿದ್ರು" ಎಂದಳು.

ಕಾಶಮ್ಮ ನೀರಿನಿಂದ ಕಾಲು ತೆಗೆಯಲಿಲ್ಲ. ಗೊತ್ತಿದ್ದವಳ ಹಾಗೆಯೇ ಕೇಳಿದಳು: "ಯಾರು ಅಂತ ಹೇಳಿದ್ಲಾ ನಿನಗೆ?"

"ಅದೇ, ಕರೆಂಟ್ ಆಫೀಸಿನ ಓಂಕಾರಮೂರ್ತಿಯೋರು. ನಿಮ್ಮಲ್ಲೇ ಊಟಕ್ಕೆ ಬತ್ತಿದ್ರಂತಲ್ಲ."

ಬರುತ್ತಿದ್ದ. ಹೆಂಡತಿ ತೀರಿಕೊಂಡವನು, ತರೀಕೆರೆಯಲ್ಲಿದ್ದಷ್ಟು ಕಾಲವೂ ಮೂಲೆಯ ಮಣೆ ಹಿಡಿದು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ. ಸ್ವಂತ ಊರು ಕಡೂರಿಗೆ ವರ್ಗವಾಗಿ ಹೋದಾಗ, ಪಾಪ ಒಳ್ಳೇ ಮನುಷ್ಯ ಎಂದು ಕಾಶಮ್ಮನೇ ಅಂದಿದ್ದಳು. ತಮ್ಮ ಜನದಲ್ಲಿ ಗಂಡ ಹೋದ ಹೆಣ್ಣಿಗೆ ಮತ್ತೆ ಮದುವೆ ಮಾಡುವುದು ಹೊಸದಲ್ಲ. ಆ ಮಾತನ್ನು ಎಂದಾದರೂ ತಾನೇ ತೆಗೆಯಬೇಕಾಗಿತ್ತು ಎಂಬುದೂ ಅವಳಿಗೆ ಗೊತ್ತಿತ್ತು. ತೆಗೆದಿರಲಿಲ್ಲ, ಅಷ್ಟೆ. ಒಲೆಯ ಕಡೆ ತಿರುಗಿ ನೋಡಿದಳು. ಪ್ರೇಮಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಊದುತ್ತಿದ್ದಳು. ಗಂಡನ ಮಾತನ್ನು ತೀರಿಸದೆ ಅವನ ಮನೆ ಬಿಡಬಾರದೆಂದು ಈ ಹುಡುಗಿ ಹೊರಟಿದ್ದಾಳೆ. ತನಗೆ ಹಿಗ್ಗು ತಂದ ಪಯಣ ಅವಳು ಹೋಗಿಬರುತ್ತೇನೆ ಎಂದು ಹೇಳುವ ಪಯಣವಾಗಿತ್ತು. ಆ ದಿನ ಕಾಶಮ್ಮನಿಗೆ ಅನ್ನ ಸೇರಲಿಲ್ಲ. ನಡೆದು ಸುಸ್ತಾಯಿತು ಎಂದಳು.

ಮಾರನೆಯ ದಿನ ಕೆಮ್ಮಣ್ಣುಗುಂಡಿಗೆ ಏರುವ ಕಾಡಿನ ಹಾದಿಯಲ್ಲಿ ಪ್ರೇಮಮ್ಮ ಹತ್ತಿರ ಬಂದು, ಅತ್ತೆ ಒಂದು ಮಾತು ಎಂದಳು. ಕಾಶಮ್ಮ ತಕ್ಷಣ ಬಗ್ಗಿ, ಕಾಲಿಗೆ ಮುಳ್ಳು ಚುಚ್ಚಿತು ನೋಡು ಎಂದಳು. ಮುಳ್ಳು ಇರಲಿಲ್ಲ. ಆಮೇಲೆ ಗಣಿ ಕೆಲಸದವರ ಲೈನುಮನೆಯ ಜಗಲಿಯಲ್ಲಿ ಕೂತಾಗ ಪ್ರೇಮಮ್ಮ ಮತ್ತೆ ಬಾಯಿ ತೆರೆದಳು. ಕಾಶಮ್ಮ ಅಂಜಿನಪ್ಪನನ್ನು ಕೂಗಿ ತನ್ನ ಮಗನ ಸುದ್ದಿ ಕೇಳತೊಡಗಿದಳು. ಆಡದೆ ಇರುವವರೆಗೂ ಆ ಮಾತು ಇನ್ನೂ ಆಗಿಲ್ಲ, ಪ್ರೇಮ ಇನ್ನೂ ತನ್ನ ಮನೆಯವಳೇ ಎಂದು ಅವಳ ಮನಸ್ಸು ಹಟ ಹಿಡಿದಿತ್ತು. ಅಂಜಿನಪ್ಪನಿಗೆ ಮೇಷ್ಟ್ರ ವಿಷಯ ಎಂದರೆ ಊಟ ಬೇಡ. ಜ್ವರ ಬಂದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಬಾಬಾಬುಡನ್‌ಗಿರಿಯವರೆಗೆ ನಡೆದದ್ದು, ಆ ಹುಡುಗ ಅಳದಿರಲಿ ಎಂದು ದಾರಿಯುದ್ದಕ್ಕೂ ರಾಗವಿಲ್ಲದೆ ಹಾಡು ಹೇಳಿದ್ದು. ಮಗ ಹಾಡುತ್ತಿದ್ದ ಎಂಬುದೇ ಕಾಶಮ್ಮನಿಗೆ ಗೊತ್ತಿರಲಿಲ್ಲ. ಪ್ರೇಮಮ್ಮ ಮಾತ್ರ ಮೆಲ್ಲಗೆ, ಹೌದು ಹಾಡ್ತಿದ್ರು ಎಂದು ಮುಖ ಆ ಕಡೆ ತಿರುಗಿಸಿದಳು.

ಮೂರನೆಯ ದಿನ ಕಾಡು ಮುಗಿದು ಬರೀ ಹುಲ್ಲು. ಎರಡು ಕಡೆಯೂ ಕಣಿವೆ, ನಡುವೆ ಒಬ್ಬೊಬ್ಬರೇ ನಡೆಯುವಷ್ಟು ಹಾದಿ. ಗಾಳಿ ಸೀರೆಯನ್ನು ಕಾಲಿಗೆ ಸುತ್ತಿಸಿ ಎಳೆಯುತ್ತಿತ್ತು. ಮಂಜು ಬಂದಾಗ ಮುಂದಿನವರ ಬೆನ್ನೂ ಕಾಣುತ್ತಿರಲಿಲ್ಲ. ಅಂಜಿನಪ್ಪ ಆಗಾಗ ನಿಂತು, ಬಂದ್ರಾ ಅವ್ವಾರೆ ಎಂದು ಕೂಗಿ ಕಾಯುತ್ತಿದ್ದ. ಪ್ರೇಮಮ್ಮ ಹಿಂದಿನಿಂದ ಒಂದು ಕೈಯನ್ನು ಅತ್ತೆಯ ಬೆನ್ನಿಗೆ ಆನಿಸಿಕೊಂಡೇ ನಡೆದಳು. ಮಧ್ಯಾಹ್ನದ ಹೊತ್ತಿಗೆ ಮಂಜು ಸರಿದು, ಎದುರಿಗೆ ಗಿರಿಗಳಾಚೆ ಒಂದು ಗಿರಿ ಎದ್ದು ನಿಂತದ್ದು ಕಾಣಿಸಿತು.

"ಅಗೋ, ಅದೇ ಮುಳ್ಳಯ್ಯನಗಿರಿ, ಮುಳ್ಳಪ್ಪಸ್ವಾಮಿದು. ನಾಳೆ ಇಷ್ಟೊತ್ತಿಗೆ ಅಲ್ಲಿರ್ತೀವಿ" ಎಂದ ಅಂಜಿನಪ್ಪ.

ನಾಳೆ ಇಷ್ಟೊತ್ತಿಗೆ. ಅಲ್ಲಿಗೆ ಮಾತು ತೀರಿತು, ಋಣ ಹರಿಯಿತು. ತುದಿ ಮುಟ್ಟದಿದ್ದರೆ? ಯೋಚನೆ ಬಂದದ್ದೂ ಕಾಶಮ್ಮ ಹುಲ್ಲಿನ ಮೇಲೆ ಕೂತುಬಿಟ್ಟದ್ದೂ ಒಟ್ಟೊಟ್ಟಿಗೇ ಆಯಿತು. "ಅಯ್ಯೋ ಮೊಣಕಾಲು. ಆಗಲ್ಲ ಕಣೇ ಇನ್ನು."

ಮೂವರೂ ಗಾಬರಿಯಾದರು. ಪ್ರೇಮಮ್ಮ ಗಂಟು ಬಿಚ್ಚಿ ನೀಲಗಿರಿ ಎಣ್ಣೆ ತೆಗೆದು, ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಇಲ್ಲೇನಾ ಅತ್ತೆ, ಇಲ್ಲೇನಾ ಎಂದು ಬೆರಳೊತ್ತಿ ಒತ್ತಿ ಕೇಳಿದಳು. ಎಲ್ಲಿ ಒತ್ತಿದರೂ ಕಾಶಮ್ಮ ಹೂಂ ಎಂದಳು. ಬೆಟ್ಟದ ಆ ಕಡೆ ಇಳಿದರೆ ಅತ್ತಿಗುಂಡಿ, ಅಲ್ಲಿ ತೋಟದವರ ಜೀಪು ಸಿಕ್ಕಿದರೆ ಚಿಕ್ಕಮಗಳೂರಿಗೆ ಹೋಗಬಹುದು ಎಂದ ಅಂಜಿನಪ್ಪ. ಪ್ರೇಮಮ್ಮ ಎದ್ದು ಹಾದಿಯ ಅಂಚಿಗೆ ಹೋಗಿ ನಿಂತಳು. ಕೆಳಗೆ ದೂರದಲ್ಲಿ ಅಯ್ಯನಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರಾಚೆ ಬಯಲು, ಆ ಬಯಲಲ್ಲೆಲ್ಲೋ ಕಡೂರು. ಸೆರಗಿನಿಂದ ಮುಖ ಒರೆಸಿಕೊಂಡದ್ದು ಕಾಶಮ್ಮನಿಗೆ ಹಿಂದಿನಿಂದ ಕಾಣಿಸಿತು.

ತಿರುಗಿ ಬಂದಾಗ ಮುಖದಲ್ಲಿ ಏನೂ ಇರಲಿಲ್ಲ. ಗಂಟು ಕಟ್ಟುತ್ತಾ ಹೇಳಿದಳು: "ಬಿಡಿ ಅತ್ತೆ. ಮುಂದಿನ ವರ್ಷ ಬರಾಣ. ನಾನೆಲ್ಲಿಗ್ ಹೋಗ್ತೀನಿ."

ಕಾಶಮ್ಮ ಕೇಳಬೇಕೆಂದಿದ್ದ ಮಾತೇ ಅದು. ಕೇಳಿದ ಮೇಲೆ ತಾಳಿಕೊಳ್ಳಲಾಗಲಿಲ್ಲ. ಪ್ರೇಮಮ್ಮ ಬಾಯಿಮಾತಿಗೆ ಹೇಳಿರಲಿಲ್ಲ, ನಿಜವಾಗಿ ಇದ್ದುಬಿಡುತ್ತಾಳೆ. ಮುಂದಿನ ವರ್ಷ ಇನ್ನೊಂದು ನೋವು ಬಂದರೆ ಆಗಲೂ ಇರುತ್ತಾಳೆ. ತಲೆ ನರೆಯುವವರೆಗೂ ಒಲೆ ಊದುತ್ತಾ ಇದ್ದುಬಿಡುತ್ತಾಳೆ, ಒಂದು ದಿನವೂ ಗೊಣಗುವುದಿಲ್ಲ. ಒಂದು ಹೂಂ ಎಂದರೆ ಸಾಕಾಗಿತ್ತು. ಕಾಶಮ್ಮ ಕೋಲು ಊರಿ ಎದ್ದಳು.

"ನಿನ್ನ ಎಣ್ಣೆಗೆ ಹಗುರಾಯ್ತು. ನಡಿ."

ಅಂಜಿನಪ್ಪ ಅವಳ ಕಾಲನ್ನೊಮ್ಮೆ ಮುಖವನ್ನೊಮ್ಮೆ ನೋಡಿ ಮುಂದೆ ನಡೆದ.

ಆ ದಿನ ಬಾಬಾಬುಡನ್‌ಗಿರಿಯಲ್ಲಿ ಉಳಿದು, ಬೆಳಗಾಗುತ್ತಲೇ ಹೊರಟರು. ಕೊನೆಯ ಏರು ಕಡಿದಾಗಿತ್ತು. ಕಾಶಮ್ಮ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡಳು, ಕೂರಲಿಲ್ಲ. ಹೊತ್ತು ನೆತ್ತಿಗೆ ಬರುವಾಗ ಗುಡಿ ಸೇರಿದರು. ಗಾಳಿಗೆ ಕರ್ಪೂರ ನಿಲ್ಲದೆ ಅಂಜಿನಪ್ಪ ಟವೆಲ್ ಅಡ್ಡ ಹಿಡಿಯಬೇಕಾಯಿತು. ಕಾಯಿ ಒಡೆಸಿ, ವಿಭೂತಿ ಇಟ್ಟುಕೊಂಡು, ಅತ್ತೆ ಸೊಸೆ ಇಬ್ಬರೇ ಗುಡಿಯ ಹಿಂದಿನ ಕಲ್ಲುಗೋಡೆಯ ಮರೆಯಲ್ಲಿ ಕೂತರು. ಸುತ್ತಲೂ ಮಂಜು ತುಂಬಿ, ಜಗತ್ತು ಇಷ್ಟೇ ಎನ್ನುವ ಹಾಗಿತ್ತು.

"ಅತ್ತೆ, ನಾನೊಂದು..."

"ಗೊತ್ತು ಕಣೇ. ಕಲ್ಲತ್ತಿಗಿರಿಯಲ್ಲೇ ಗೊತ್ತಾಯ್ತು."

ಪ್ರೇಮಮ್ಮ ಅವಳ ಮಡಿಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಲ್ಲೇಶಪ್ಪ ಸತ್ತ ದಿನ ಕೂಡ ಹಾಗೆ ಅತ್ತಿರಲಿಲ್ಲ. "ಬೇಡ ಅಂದ್ಬಿಡಿ ಅತ್ತೆ. ನಾನು ಹೋಗಲ್ಲ."

ಕಾಶಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಕೂದಲು ಮಂಜಿಗೆ ನೆನೆದು ತಣ್ಣಗಿತ್ತು. "ಅಂದ್ಬಿಡ್ತೀನೇನೋ ಅಂತ್ಲೇ ಇಷ್ಟು ದೂರ ಬಾಯಿ ಮುಚ್ಕಂಡು ಬಂದಿದ್ದು. ಸುಮ್ನಿರು. ಒಳ್ಳೇ ಮನುಷ್ಯ ಅವನು. ನಾನೇ ಉಣ್ಣಕ್ಕಿಕ್ಕಿ ನೋಡಿದೀನಿ."

ಮಾಘದಲ್ಲಿ ಮಠದಲ್ಲಿ ಮದುವೆಯಾಯಿತು. ಸ್ವಾಮಿಗಳ ಮುಂದೆ ಬಸವರಾಜಪ್ಪನ ಪಕ್ಕದಲ್ಲಿ ಕಾಶಮ್ಮನೇ ನಿಂತಳು. ಅಡುಗೆಯೂ ಅವಳದೇ. ಬಂದವರೆಲ್ಲ ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಹೊಗಳಿಕೆ ಮುಗಿದ ಮೇಲೆ ಅವಳು ಓಣಿಗೆ ಬಂದು ಬೀಗ ತೆಗೆದಳು. ಬಡಿಸುವುದಕ್ಕೆ ಪಕ್ಕದ ಬೀದಿಯ ಅಂಬಮ್ಮನನ್ನು ಗೊತ್ತುಮಾಡಿಕೊಂಡಳು. ಅಂಬಮ್ಮ ಕೆಲಸಗಳ್ಳಿಯಲ್ಲ. ಆದರೂ ಸಾರು ಎಂದು ಕೈ ಚಾಚಿದರೆ ಸಾರಿನ ಬೋಗುಣಿ ಕೈಗೆ ಬರುತ್ತಿರಲಿಲ್ಲ, ಬಾಯಿಬಿಟ್ಟು ಕೇಳಬೇಕಾಗಿತ್ತು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಕಾಶಮ್ಮ ಕಾಯಿ ಹೋಳಿಗೆ ಮಾಡಿಕೊಂಡು ಕಡೂರಿಗೆ ಹೋದಳು. ಓಂಕಾರಮೂರ್ತಿ ಬಸ್‌ಸ್ಟ್ಯಾಂಡಿಗೇ ಬಂದು ಚೀಲ ಇಸಿದುಕೊಂಡ. ಅವನ ತಾಯಿ ಸುಲೋಚನಮ್ಮ ಸಜ್ಜನೆ. ಕಾಲಿಗೆ ನೀರು ಕೊಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ಬೀಗರಿಗೆ ಮಾಡುವ ಹಾಗೆ ಮರ್ಯಾದೆ ಮಾಡಿದರು. ಪ್ರೇಮಮ್ಮ ಮೈಕೈ ತುಂಬಿಕೊಂಡಿದ್ದಳು, ಹಸಿರು ಬಳೆ ತೊಟ್ಟಿದ್ದಳು. ಅತ್ತೆಯನ್ನು ಕಂಡು ಕಣ್ಣು ತುಂಬಿದರೂ, ಕಾಫಿ ಕೊಟ್ಟು ಬೇಗ ಒಳಗೆ ಹೋದಳು. ಎದ್ದು ಅಡುಗೆಮನೆಗೆ ಹೋಗಿ ಕೈಜೋಡಿಸಬೇಕೆಂದು ಕಾಶಮ್ಮನಿಗೆ ಅನ್ನಿಸಿತು. ಇನ್ನೊಬ್ಬರ ಅಡುಗೆಮನೆ ಎಂದು ಕೂತಳು. ಸುಲೋಚನಮ್ಮ ಏನೋ ಮಳೆ ಬೆಳೆ ಮಾತಾಡುತ್ತಿದ್ದರು.

ಒಳಗಿನಿಂದ ದನಿ ಬಂತು. "ಅತ್ತೆ, ಸಾರು ಇಳಿಸ್ಲಾ?"

"ಇಳ್ಸು ಕಣೇ, ಕುದ್ದಿರುತ್ತೆ" ಎಂದಳು ಕಾಶಮ್ಮ.

ಹೇಳಿಯಾದ ಮೇಲೆ ನೋಡಿದರೆ ಸುಲೋಚನಮ್ಮನವರ ಬಾಯಿಯೂ ಅರ್ಧ ತೆರೆದಿತ್ತು. ಒಳಗೆ ಸೌಟಿನ ಸದ್ದು ನಿಂತುಹೋಯಿತು. ಸುಲೋಚನಮ್ಮ ಬೇಸರ ಮಾಡಿಕೊಳ್ಳಲಿಲ್ಲ. ನೀವು ಹೇಳಿದರೂ ಒಂದೇ, ನಾನು ಹೇಳಿದರೂ ಒಂದೇ ಎಂದು ನಕ್ಕರು. ಕಾಶಮ್ಮನೂ ನಕ್ಕಳು. ಊಟಕ್ಕೆ ಕೂತಾಗ ಪ್ರೇಮಮ್ಮ ಬಡಿಸಿದಳು, ಇನ್ನು ಸ್ವಲ್ಪ ಹಾಕಲಾ ಎಂದು ಕೇಳಿದಳು, ಆದರೆ ಯಾರನ್ನೂ ಏನೆಂದೂ ಕರೆಯಲಿಲ್ಲ.

ಸಂಜೆಯವರೆಗೆ ಇರಬೇಕೆಂದು ಬಂದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಗಂಡ ಹೆಂಡತಿ ಇಬ್ಬರೂ ಬಂದು ಹತ್ತಿಸಿದರು. ಪ್ರೇಮಮ್ಮ ಕಿಟಕಿಯ ಕೆಳಗೆ ನಿಂತು ಕಂಬಿ ಹಿಡಿದುಕೊಂಡಳು. ತುಟಿ ಅಲುಗಿತು. ಬಸ್ಸು ಹೊರಡುವಾಗ, "ಹುಷಾರಾಗಿ ಹೋಗಿ" ಎಂದಳು. ಅದರ ಹಿಂದಾಗಲಿ ಮುಂದಾಗಲಿ ಅತ್ತೆ ಎಂಬುದು ಇರಲಿಲ್ಲ.

ಊರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲೆಯಡಿಕೆ ಕೊಟ್ಟು ಮಾತಿಗೆಳೆದಳು. ದೇವನೂರಿನ ಕಡೆಯವಳು, ಬೀರೂರಿಗೆ ಮಗಳ ಮನೆಗೆ ಹೊರಟಿದ್ದಳು. ಕಡೂರಲ್ಲಿ ನಿಮಗೆ ಯಾರಿದಾರವ್ವ ಎಂದು ಕೇಳಿದಳು.

ಕಾಶಮ್ಮ ಎಲೆಯ ನಾರು ತೆಗೆಯುತ್ತಾ ಹೇಳುವುದಕ್ಕೊಂದು ಮಾತು ಹುಡುಕಿದಳು. ಸೊಸೆ ಎನ್ನುವಂತಿರಲಿಲ್ಲ. ಮಗಳು ಎನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ.

"ಗೊತ್ತಿರೋರು" ಎಂದಳು.