ಮಾರ್ನಮಿಗೆ ತಂದ ಮರಿ

ಕೋಳಿ ಕೂಗುವ ಹೊತ್ತಿಗೆ ಎದ್ದು ಅಂಗಳ ಸಾರಿಸುತ್ತಿದ್ದ ಹನಕೆರೆಯ ಮಲ್ಲಿಗಮ್ಮ, ಅತ್ತೆ ತೀರಿಕೊಂಡ ಮೇಲೆ ಬಿಸಿಲೇರಿದರೂ ಹಾಸಿಗೆ ಬಿಡುತ್ತಿರಲಿಲ್ಲ. ಅತ್ತೆ ದೇವಿರಮ್ಮ ಮಲಗಿದಲ್ಲೇ ಇದ್ದ ಅಷ್ಟೂ ವರ್ಷ ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಮಾತಾಡಿಸಿ ನೋಡಿಕೊಂಡವಳು ಈಕೆಯೇ. ಮುದುಕಿ ಹೋದದ್ದೇ ತಡ, ಕೈಗೆ ಕೆಲಸವಿಲ್ಲ, ಬಾಯಿಗೆ ಮಾತಿಲ್ಲ ಎಂಬಂತಾಯಿತು. "ಇನ್ನಾದ್ರೂ ಸುಖವಾಗಿರವ್ವ" ಎಂದು ಬಂದವರೆಲ್ಲ ಹೇಳಿ ಹೋದರು. ಹೇಳಿದ ತಕ್ಷಣ ಬಂದು ಕೂರಲು ಸುಖವೇನು ನೆಂಟರೇ? ಮಲ್ಲಿಗಮ್ಮನ ಸಕ್ಕರೆ ಕಾಯಿಲೆ ಏರಿತು, ಕಾಲು ಊದಿತು, ನಿದ್ದೆ ಹೋಯಿತು. ಗೋಡೆ ಕಡೆ ಮುಖ ಮಾಡಿ ಮಲಗುವುದೇ ಅಭ್ಯಾಸವಾಯಿತು.

ಮಂಡ್ಯದ ಡಾಕ್ಟರು ದೀಪಶ್ರೀ ಮಾತ್ರೆ ಹೆಚ್ಚಿಸಿದರು. "ದಿನಾ ನಡೀಬೇಕು ಮಲ್ಲಿಗಮ್ಮ. ಸುಮ್ಮನೆ ಕೂರಬಾರದು" ಎಂದರು.

"ಎತ್ಲಾಗ್ ನಡೀಲವ್ವ? ಏನ್ ಕೆಲ್ಸ ಅಂತ ನಡೀಲಿ?" ಎಂದಳು ಮಲ್ಲಿಗಮ್ಮ. ಆ ಪ್ರಶ್ನೆಗೆ ಡಾಕ್ಟರ ಬಳಿ ಮಾತ್ರೆ ಇರಲಿಲ್ಲ.

ಗಂಡ ತಿಮ್ಮಯ್ಯ ಕೆಟ್ಟವನಲ್ಲ. ಹೆಂಡತಿಯ ದುಃಖ ಕಣ್ಣಿಗೆ ಕಂಡರೂ ತಲೆಗೆ ಹತ್ತದ ಸಾಮಾನ್ಯ ಗಂಡ, ಅಷ್ಟೇ. ಬೇಸಿಗೆಯಲ್ಲಿ ಆತ ಬಂಡೂರಿಗೆ ಹೋಗಿ ಒಂದು ಟಗರು ಮರಿ ತಂದ. ಬರುವ ಮಾರ್ನಮಿ ಅಮಾವಾಸ್ಯೆಗೆ, ಹಿರಿಯರ ಹಬ್ಬದ ದಿನ, ತೀರಿಹೋದ ತಾಯಿಗೆ ಇಡುವ ಮೊದಲ ಎಡೆಗೆಂದು. ದೇವಿರಮ್ಮನಿಗೆ ಬಂಡೂರು ಕುರಿಯ ಬಾಡೆಂದರೆ ಪ್ರಾಣ. ಮನೆಯಲ್ಲೇ ಸಾಕಿದ ಕುರಿ ಕುಯ್ದು ಹಿರಿಯರಿಗೆ ಎಡೆ ಇಡುವುದು ಆ ಮನೆಯಲ್ಲಿ ನಡೆದುಬಂದ ಪದ್ಧತಿ.

"ಮೇವು ಆಕ್ತಿರು, ಸಾಕು. ಹೆಸ್ರು ಗಿಸ್ರು ಇಟ್ಟೀಯೆ. ಅಬ್ಬದ ಮರೀಗೆ ಹೆಸ್ರಿಡ್ಬಾರ್ದು" ಎಂದು ಎಚ್ಚರಿಸಿದ.

"ಗೊತ್ತು ಬುಡಿ" ಎಂದಳು ಮಲ್ಲಿಗಮ್ಮ.

ಗೊತ್ತಿದ್ದೂ ತಪ್ಪಿದಳು. ತಾಯಿ ಬಿಟ್ಟು ಬಂದ ಮರಿ ಬೆಳಗಾದರೆ ಬಾಗಿಲಲ್ಲಿ ನಿಂತು ಅರಚುತ್ತಿತ್ತು. ಅದರ ಬಾಯಿ ಮುಚ್ಚಿಸಲೆಂದು ಎದ್ದವಳು, "ಬಾರೋ ಗುಂಡ" ಎಂದುಬಿಟ್ಟಳು. ಹೆಸರು ಬಿದ್ದ ಮೇಲೆ ಕುರಿ ಬರೀ ಕುರಿಯಾಗಿ ಉಳಿಯುವುದುಂಟೇ? ಗುಂಡನಿಗೆ ಹಸಿ ಹುಲ್ಲು ಬೇಕು. ಹುಲ್ಲಿಗೆ ನಾಲೆ ಏರಿಯ ಮೇಲೆ ನಡೆಯಬೇಕು. ನಡೆದ ಮೇಲೆ ಅವನ ಮೈಯೆಲ್ಲ ಧೂಳು. ಮನೆಗೆ ಬಂದರೆ ಚೊಂಬು ಹಿಡಿದು ಮೈ ತೊಳೆಯಬೇಕು. ಮೊದಮೊದಲು ನೀರಿಗೆ ಹೆದರಿ ಓಡುತ್ತಿದ್ದ ಗುಂಡ, ಬರಬರುತ್ತ ಕಣ್ಣು ಮುಚ್ಚಿ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತ.

"ಏನಮ್ಮಿ, ಮದ್ವೆ ಗಂಡ್ಗೂ ದಿನಾ ಇಂಗೆ ನೀರು ಉಯ್ಯಾಕಿಲ್ಲ" ಎಂದು ಪಕ್ಕದ ಮನೆಯ ಪುಟ್ಟಮಾದಮ್ಮ ಛೇಡಿಸಿದರೆ ಮಲ್ಲಿಗಮ್ಮ ನಗುತ್ತಿದ್ದಳು. ಆ ನಗು ಕೇಳಿ ತಿಮ್ಮಯ್ಯ ಒಮ್ಮೆ ಹಟ್ಟಿಯಿಂದ ತಲೆ ಹೊರಗೆ ಹಾಕಿ ನೋಡಿದ್ದೂ ಉಂಟು.

ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಹುಬ್ಬೇರಿಸಿದರು. "ಸಕ್ಕರೆ ಚೆನ್ನಾಗಿ ಇಳಿದಿದೆ. ಏನು ಮಾಡ್ತಿದ್ದೀರಿ?"

"ಕುರಿ ಕಾಯ್ತೀನಿ."

"ಕಾಯ್ತಾನೇ ಇರಿ. ಹಾಗಂತ ಮಾತ್ರೆ ಬಿಟ್ಟೀರಿ ಮತ್ತೆ, ಎರಡೂ ಇರಲಿ" ಎಂದು ಡಾಕ್ಟರು ನಕ್ಕರು. ಪಕ್ಕದಲ್ಲಿ ಕೂತಿದ್ದ ತಿಮ್ಮಯ್ಯನಿಗೆ ನಗು ಬರಲಿಲ್ಲ. ಮಾರ್ನಮಿ ಹತ್ತಿರವಾಗಿತ್ತು.

ಹಬ್ಬದ ವಾರದಲ್ಲಿ ಮುದ್ದೆ ಬಡಿಸುತ್ತ ಮಲ್ಲಿಗಮ್ಮ ಕೇಳಿಯೇಬಿಟ್ಟಳು. "ಗುಂಡನ್ನ ಬುಟ್ಟು ಬ್ಯಾರೆ ತರಾಕಾಗಲ್ವಾ?"

"ಅಣ್ಣ ಒಪ್ಪಾಕಿಲ್ಲ. ಅವ್ವನ ಹೆಸ್ರೇಳಿ ತಂದಿರೋದು, ಅವ್ವಂಗೇ ಸೇರ್ಬೇಕು. ನೀನೇ ಹೇಳು, ಅವ್ವಂಗಿಂತ ಕುರಿ ಎಚ್ಚಾ?"

ಅತ್ತೆಯ ಮಲಮೂತ್ರ ಬಾಚಿದವಳಿಗೆ ಕೇಳುವ ಮಾತೇ ಅದು? ಅವಳ ಕಣ್ಣು ತುಂಬಿತು. "ಅತ್ತೆಮ್ಮಂಗಿಂತ ಯಾವ್ದೂ ಎಚ್ಚಲ್ಲ. ಆದ್ರೆ ಅತ್ತೆಮ್ಮ ಹೋದ್ಮೇಲೆ ಬೆಳಿಗ್ಗೆ ನನ್ನ ಎಬ್ಬಿಸ್ತಿರೋನು ಅವ್ನೊಬ್ನೇ" ಎಂದು ಒಳಗೆ ಹೋದಳು. ತಿಮ್ಮಯ್ಯ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

ಅಮಾವಾಸ್ಯೆಯ ಬೆಳಿಗ್ಗೆ ತಿಮ್ಮಯ್ಯನ ಅಣ್ಣ ಕೆಂಪಸಿದ್ದಯ್ಯ ಕತ್ತಿ ಮಸೆದುಕೊಂಡು ಬಂದ. ಮಲ್ಲಿಗಮ್ಮ ತಾನೇ ಗುಂಡನ ಕೊರಳಿಗೆ ಚೆಂಡುಹೂ ಕಟ್ಟಿ, ಹಗ್ಗ ಗಂಡನ ಕೈಗೆ ಕೊಟ್ಟು, ಗೋಡೆ ಕಡೆ ಮುಖ ಮಾಡಿ ನಿಂತಳು.

ಕುಯ್ಯುವ ಮುಂಚೆ ಕುರಿಯ ಮೇಲೆ ಅರಿಶಿನದ ನೀರು ಹಾಕಬೇಕು. ಅದು ಮೈ ಕೊಡವಿ ಒದರಿದರೆ ಹಿರಿಯರು ಒಪ್ಪಿದರು ಎಂದು ಲೆಕ್ಕ. ಕೆಂಪಸಿದ್ದಯ್ಯ ನೀರು ಚಿಮುಕಿಸಿದ. ಗುಂಡ ಒದರಲಿಲ್ಲ. ಇನ್ನಷ್ಟು ಹಾಕಿದ. ಗುಂಡ ಕಣ್ಣು ಮುಚ್ಚಿ, ದಿನದ ಸ್ನಾನವೆಂದುಕೊಂಡು, ಉಜ್ಜಲಿ ಎಂದು ಬೆನ್ನು ತಿರುಗಿಸಿ ನಿಂತ. ಚೊಂಬು ಪೂರ್ತಿ ಸುರಿದರೂ ಕಲ್ಲಿನಂತೆ ನಿಂತೇ ಇದ್ದ.

"ಕಿವೀಗ್ ಉಯ್ಯಿ ತಿಮ್ಮ. ಯಾವ್ ಕುರಿಯಾದ್ರೂ ಒದರ್ತದೆ" ಎಂದ ಕೆಂಪಸಿದ್ದಯ್ಯ.

ತಿಮ್ಮಯ್ಯ ಚೊಂಬು ತುಂಬಿ ಎತ್ತಿದ. ಕುರಿ ಯಾಕೆ ಒದರುತ್ತಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಕಡೆ ನೋಡಿದ. ಅವ್ವ ಸತ್ತ ಮೇಲಿನ ದಿನಗಳಲ್ಲಿ ಮಲಗಿರುತ್ತಿದ್ದಳಲ್ಲ, ಅದೇ ಬೆನ್ನು, ಅದೇ ಗೋಡೆ. ಅವನಿಗೆ ಭಯವಾಯಿತು. ಚೊಂಬನ್ನು ಕೆಳಗಿಟ್ಟ.

"ಬ್ಯಾಡ ಕಣಣ್ಣ. ಅವ್ವ ಒಪ್ಲಿಲ್ಲ. ಕಿವೀಗ್ ನೀರುಯ್ದು ಒಪ್ಸುದ್ರೆ ಅದೊಂದು ಒಪ್ಗೆನಾ?"

"ಮೊದ್ಲನೇ ಎಡೆ ಕಣ್ಲಾ. ಬರೀ ಅನ್ನ ಇಕ್ಕೀಯಾ ಅವ್ವಂಗೆ?"

"ಮದ್ದೂರ್ಗೋಗಿ ಬಂಡೂರು ಬಾಡೇ ತತ್ತೀನಿ. ಅವ್ವಂಗೆ ಕಮ್ಮಿ ಮಾಡಾಕಿಲ್ಲ."

ಕೆಂಪಸಿದ್ದಯ್ಯ ತಮ್ಮನನ್ನು ನೋಡಿದ, ಗೋಡೆಯ ಬಳಿ ನಡುಗುತ್ತಿದ್ದ ಹೆಗಲನ್ನು ನೋಡಿದ. ಕೊನೆಗೆ ಕತ್ತಿಯನ್ನು ಟವೆಲಿಗೆ ಸುತ್ತಿದ. "ಅವ್ವಂಗೂ ಈ ಸೊಸೆ ಅಂದ್ರೆ ಜೀವ. ಒಪ್ದೇ ಇದ್ದಿದ್ದೇ ಸರಿ ಬುಡು" ಎಂದ.

ಹಗ್ಗ ಬಿಚ್ಚಿದ್ದೇ ತಡ, ಗುಂಡ ಓಡಿಹೋಗಿ ಮಲ್ಲಿಗಮ್ಮನ ಮೊಣಕಾಲಿಗೆ ಹಾಯ್ದ. ಹಾಯ್ದವನು ಅಲ್ಲೇ ನಿಂತು ಮೂತಿಯಿಂದ ಬಾಲದವರೆಗೆ ಪಟಪಟನೆ ಮೈ ಒದರಿದ. ತಿಮ್ಮಯ್ಯನ ಹೊಸ ಪಂಚೆಯೆಲ್ಲ ಅರಿಶಿನದ ಹನಿ.

ಮಲ್ಲಿಗಮ್ಮ ಧಡಕ್ಕನೆ ಬಾಗಿದಳು. ಎರಡೂ ಕೈಯಿಂದ ಗುಂಡನನ್ನು ಅವುಚಿಕೊಂಡು ಗಂಡನ ಮುಖ ನೋಡಿದಳು. ಕೆಂಪಸಿದ್ದಯ್ಯ ಏನೂ ಕಾಣದವನಂತೆ ಮಾಡಿನ ಹಂಚು ನೋಡುತ್ತ ನಿಂತ.

"ಅದು ಒಪ್ಗೆ ಅಲ್ಲ ಕಣಮ್ಮಿ, ಚಳಿ" ಎಂದ ತಿಮ್ಮಯ್ಯ, ಹೆಗಲ ಮೇಲಿದ್ದ ವಲ್ಲಿಬಟ್ಟೆಯನ್ನು ಹೆಂಡತಿಯತ್ತ ಚಾಚುತ್ತ. "ತಕೋ, ಗುಂಡನ ಮೈ ಒರ್ಸು."